ಬುಡಮೇಲು ಮೊಳೆ

ಕರಡಪ್ಪನ ಕನ್ನಡಕ ಆ ಬೆಳಿಗ್ಗೆ ಮೂಗಿನ ಮೇಲೆ ನೆಟ್ಟಗೆ ಕೂತಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ. ಅದು ಜಾರಿ ಅಚ್ಚುಕೂಟದ ಕಲ್ಲುಮೇಜಿನ ಕೆಳಗೆ ಹೋಯಿತು. ಕರಡಪ್ಪ ಮಂಡಿಯೂರಿ ಮೇಜಿನಡಿ ತೂರಿಕೊಂಡ, ತಡಕಾಡಿ ಕನ್ನಡಕ ಎತ್ತಿಕೊಂಡ, ಹಿಂದಕ್ಕೆ ಸರಿದು ಏಳುವಾಗ ಕತ್ತಿನ ಹಿಂಭಾಗವನ್ನು ಯಾವುದಕ್ಕೋ ಒತ್ತಿಸಿಕೊಂಡ. ಚುರುಕ್ಕೆಂದಿತು. ಉಜ್ಜಿದ ಕೈ ಕಪ್ಪಾಯಿತು. ಆದರೆ ಅಚ್ಚುಕೂಟದವರ ಕೈ ಬೆಳ್ಳಗಿರುವುದು ಯಾವಾಗ? ಅವನು ಮರೆತುಬಿಟ್ಟ.

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಇಪ್ಪತ್ತಾರು ವರ್ಷ ಕಂಡವರ ಬರಹದ ಕರಡು ತಿದ್ದಿ ತಿದ್ದಿ ಕರಡಪ್ಪನಾಗಿದ್ದ. ಹೆಂಡತಿ ಬರೆದ ಸಾಮಾನಿನ ಚೀಟಿಯನ್ನೂ ತಿದ್ದದೆ ಅಂಗಡಿಗೆ ಒಯ್ಯುತ್ತಿರಲಿಲ್ಲ. ಸ್ವಂತದ್ದೆಂದು ಒಂದು ಪದವನ್ನೂ ಬರೆದವನಲ್ಲ. ಅಚ್ಚುಕೂಟದ ಗೋಡೆಯ ಮೇಲೆ ಮಾಲೀಕರ ಅಜ್ಜ ಬರೆಸಿದ್ದ ಹಲಗೆಯೊಂದಿತ್ತು: 'ತಿದ್ದುವವನು ಒಪ್ಪಿಗೆ ಹಾಕತಕ್ಕದ್ದಲ್ಲ, ಒಪ್ಪಿಗೆ ಹಾಕುವವನು ತಿದ್ದತಕ್ಕದ್ದಲ್ಲ.' ದಿನಾ ಬೆಳಿಗ್ಗೆ ಕರಡಪ್ಪ ಅದನ್ನೊಮ್ಮೆ ಓದಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೆಲಸಕ್ಕೆ ಕೂರುವುದು.

ಆ ಅಚ್ಚುಕೂಟ ಹನ್ನೊಂದು ವರ್ಷದಿಂದ ಒಂದು ದಪ್ಪ ಪುಸ್ತಕದ ಬೆನ್ನು ಹತ್ತಿತ್ತು, ಹೀಬ್ರೂ ಧರ್ಮಗ್ರಂಥದ ಹೊಸ ಅನುವಾದ. ಅನುವಾದ ಸಮಿತಿಯ ಮೂವರು ಪಂಡಿತರು ಸಾವಿರಾರು ಪುಟಗಳನ್ನು ಜಗಳವಾಡುತ್ತಲೇ ಮುಗಿಸಿದ್ದರು. ಉಳಿದದ್ದು ಒಂದೇ ಪದ. ನೀತಿಮಾತುಗಳ ಭಾಗದ ಒಂದು ಸಾಲಿನಲ್ಲಿ, ಯಾರಿಗೋ ಅಥವಾ ಯಾವುದಕ್ಕೋ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಇಬ್ಬರದೂ ಕೊಡು ಕೊಡು ಎಂಬ ಒಂದೇ ಮಾತು ಎಂದು ಬರುತ್ತದೆ. ಆ ಹೆಣ್ಣುಮಕ್ಕಳ ತಾಯಿ ಯಾರು ಎಂಬುದೇ ತಕರಾರು. ಮೂಲದಲ್ಲಿರುವುದು 'ಅಲುಕಾ'. ಇಡೀ ಗ್ರಂಥದಲ್ಲಿ ಆ ಪದ ತಲೆಹಾಕುವುದು ಅಲ್ಲೊಂದೇ ಕಡೆ. ಇನ್ನೊಂದು ಕಡೆ ಬಂದಿದ್ದರೆ ಅಲ್ಲಿ ನೋಡಿ ಇಲ್ಲಿ ಅರ್ಥ ಹಚ್ಚಬಹುದಿತ್ತು. ಒಬ್ಬ ಪಂಡಿತರು ಜಿಗಣೆ ಎಂದರು, ನೆರೆಯ ಭಾಷೆಗಳಲ್ಲಿ ಹಾಗಿದೆಯಂತೆ. ಎರಡನೆಯವರು ನೆತ್ತರು ಹೀರುವ ಹೆಣ್ಣುಪಿಶಾಚಿ ಎಂದರು. ಮೂರನೆಯವರು ಇಬ್ಬರದೂ ತಪ್ಪು ಎಂದರು. ಸರಿ ಯಾವುದೆಂದು ಮಾತ್ರ ಬಾಯಿ ಬಿಡಲಿಲ್ಲ.

ತೀರ್ಮಾನವಾಗದ ಪದದ ಜಾಗದಲ್ಲಿ ಮೊಳೆಯಜ್ಜ ಒಂದು ಅಚ್ಚುಮೊಳೆಯನ್ನು ಬುಡಮೇಲು ಮಾಡಿ ಕೂರಿಸುತ್ತಿದ್ದ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸುವ ಮುದುಕನಿಗೆ ಅಲ್ಲಿ ಮೊಳೆಯಜ್ಜ ಎಂದು ಹೆಸರು. ಮೊಳೆಯ ಬುಡದ ನಡುವೆ ಒಂದು ಕಚ್ಚು ಇರುವುದರಿಂದ, ಬುಡಮೇಲಾದ ಮೊಳೆ ಅಕ್ಷರದ ಬದಲು ಅಕ್ಕಪಕ್ಕ ಎರಡು ಕಪ್ಪು ಗುರುತು ಮೂಡಿಸುತ್ತದೆ. ಚೆನ್ನಾಗಿ ಕಾಣಲೆಂದು ಅಜ್ಜ ಉಳಿದವಕ್ಕಿಂತ ಕೂದಲೆಳೆಯಷ್ಟು ಎತ್ತರದ ಮೊಳೆಯನ್ನೇ ಇದಕ್ಕೆ ಮೀಸಲಿಟ್ಟಿದ್ದ. ಪಂಡಿತರು ಆ ಗುರುತಿನ ಪಕ್ಕದ ಅಂಚಿನಲ್ಲಿ ಸರಿಯಾದ ಪದ ಬರೆದು ಸಹಿ ಹಾಕಿದರೆ ಮೊಳೆ ನೆಟ್ಟಗಾಗುತ್ತಿತ್ತು. ಹೀಗೆ ನೂರಾರು ಮೊಳೆ ನೆಟ್ಟಗಾಗಿದ್ದವು. ಅಲುಕಾದ್ದು ಮಾತ್ರ ಕಾಲು ಮೇಲೆ ಮಾಡಿಕೊಂಡೇ ಇತ್ತು.

ಕಾರಣವನ್ನು ಅಚ್ಚುಕೂಟದಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಮೊದಲನೆಯ ಪಂಡಿತರು ಅಂಚಿನಲ್ಲಿ ಜಿಗಣೆ ಎಂದು ಬರೆದು, ಸಹಿ ಹಾಕುವ ಮುಂಚೆ ತುಸು ಮಲಗಿದರು, ಏಳಲಿಲ್ಲ. ಎರಡನೆಯವರು ಮೂರು ವರ್ಷ ಯೋಚಿಸಿ ಪಿಶಾಚಿ ಎಂದು ಬರೆದರು, ಸಹಿಯ ಮೊದಲಕ್ಷರಕ್ಕೇ ಲೇಖನಿ ನಿಂತಿತು. ಒಬ್ಬರ ಕೆನ್ನೆಯ ಮೇಲೆ, ಇನ್ನೊಬ್ಬರ ಹಣೆಯ ಮೇಲೆ ಎರಡೆರಡು ಕಪ್ಪು ಕಲೆ. ಒಬ್ಬರಿಗೆ ಎಂಬತ್ತನಾಲ್ಕು, ಇನ್ನೊಬ್ಬರಿಗೆ ಎಂಬತ್ತೆಂಟು ವಯಸ್ಸು. ಸಾಯುವುದಕ್ಕೆ ಹೀಬ್ರೂವಿನ ನೆರವೇನೂ ಬೇಕಿರಲಿಲ್ಲ ಎಂದು ನೀವು ಹೇಳಬಹುದು. ಆ ಕಲೆಗಳನ್ನು ಕಂಡವರು ಹಾಗೆ ಹೇಳಲಿಲ್ಲ. ಮೂರನೆಯ ಪಂಡಿತರಂತೂ ಎರಡು ವರ್ಷದಿಂದ ಆ ಪುಟವನ್ನು ಮುಟ್ಟಿಯೇ ಇರಲಿಲ್ಲ.

ಮಾಲೀಕರು ಅಂದು ಕರಡಪ್ಪನನ್ನು ಕರೆದು ಎರಡೇ ಮಾತು ಹೇಳಿದರು. ಸಂಜೆ ಐದಕ್ಕೆ ಕೊನೆಯ ಪುಟ ಯಂತ್ರಕ್ಕೆ ಏರುತ್ತದೆ, ಅಷ್ಟರೊಳಗೆ ಅಂಚಿನಲ್ಲಿ ಸಮಿತಿಯ ಸಹಿ ಬರಬೇಕು. ಬಂದರೆ, ಆರು ವರ್ಷದಿಂದ ಖಾಲಿಯಿರುವ ಮುಖ್ಯ ಕರಡಿನವನ ಕುರ್ಚಿ ಕರಡಪ್ಪನದು. ಬರದಿದ್ದರೆ ನಾಳೆಯಿಂದ ಅವನು ಬರುವುದು ಬೇಡ.

ಕಿಟಕಿಯ ಪಕ್ಕದ ಆ ಕುರ್ಚಿಯನ್ನು ಕರಡಪ್ಪ ಆರು ವರ್ಷದಿಂದ ಕಣ್ಣಲ್ಲೇ ಒರೆಸಿ ಇಟ್ಟಿದ್ದ. ಅವನ ಹೆಂಡತಿಯಂತೂ ಅದು ಸಿಕ್ಕಿಯೇ ಬಿಟ್ಟಿತೆಂದು ನಾದಿನಿಯರಿಗೆಲ್ಲ ಕಾಗದ ಬರೆದಾಗಿತ್ತು. ಐವತ್ತೊಂದನೇ ವಯಸ್ಸಿನಲ್ಲಿ ತಪ್ಪು ಹುಡುಕುವುದೊಂದನ್ನು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದವನು ಎಲ್ಲಿಗೆ ಹೋಗಬೇಕು?

ಮೊಳೆಯಜ್ಜ ಪುಟಕ್ಕೆ ಹೊಸದಾಗಿ ಮಸಿ ಹಚ್ಚಿ ಕರಡು ತೆಗೆದು, ಹಸಿಹಸಿಯಾಗಿಯೇ ಕೈಗಿತ್ತ. "ಹುಷಾರಾಗಿ ಹೋಗಿ ಬಾ. ಕೊಡೆ ಒಯ್ಯಬೇಡ. ಮೊದಲನೇ ಪಂಡಿತರ ಮನೇಲೂ ಎರಡನೇ ಪಂಡಿತರ ಮನೇಲೂ ಅವರ ಹೆಣ್ಣುಮಕ್ಕಳು ಬಾಗಿಲಲ್ಲೇ ನನ್ನ ಕೊಡೆ ಇಸ್ಕೊಂಡ್ರು. ವಾಪಸ್ ಕೊಡಲೇ ಇಲ್ಲ," ಎಂದು ಹೇಳಿ, ಯಂತ್ರದ ಎಣ್ಣೆ ತರಲು ಪೇಟೆಯ ಆಚೆ ತುದಿಗೆ ಹೊರಟುಹೋದ.

ಕರಡಪ್ಪ ಕೋಟು ತೊಟ್ಟು, ಚೀಲ ಹೆಗಲಿಗೇರಿಸಿ, ಕೊಡೆ ಹಿಡಿದೇ ಹೊರಟ. ಬಾಗಿಲ ಬಳಿ ಪುಟಗಳನ್ನು ಹೊಲಿಯುತ್ತ ಕೂತಿದ್ದ ಹೊಲಿಗೆಯಮ್ಮ ಅವನ ಬೆನ್ನು ನೋಡಿದಳು. ಅವಳ ಸೂಜಿ ನಿಂತಿತು. ಅದು ನಿಂತದ್ದನ್ನು ಆ ಅಚ್ಚುಕೂಟ ಕಂಡಿದ್ದು ಅದೇ ಮೊದಲು.

"ಕರಡಪ್ಪ, ನಿಮ್ಮ ಕತ್ತಿನ ಮೇಲೆ ಏನದು?"

ಅವನು ಮುಟ್ಟಿ ನೋಡಿಕೊಂಡ. ಉರಿಯಿತು. ಅವಳು ಹತ್ತಿರ ಬಂದು ನೋಡಿ, ಎರಡು ಹೆಜ್ಜೆ ಹಿಂದೆ ಹೋಗಿ, ಅಕ್ಕಪಕ್ಕ ಎರಡು ಕಪ್ಪು ಕಲೆಗಳಿವೆ ಎಂದು ಮೆಲ್ಲಗೆ ಹೇಳಿದಳು. ಒಳಗಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದುಬಂದು ನೋಡಿದರು. ಯಾರೂ ಮುಟ್ಟಲಿಲ್ಲ. ಒಬ್ಬ ಗಾಯಕ್ಕೆ ಉಪ್ಪು ಹಚ್ಚಲು ಹೇಳಿದ, ಇನ್ನೊಬ್ಬ ವಿಮೆ ಇದೆಯೇ ಎಂದು ಕೇಳಿದ. ಹೊಲಿಗೆಯಮ್ಮ ಮಾತ್ರ ಇನ್ನೂ ಸಹಿ ಹಾಕದವನಿಗೇ ಹೀಗಾದರೆ ಎಂದು ಶುರುಮಾಡಿ, ವಾಕ್ಯ ಮುಗಿಸದೆ ದಾರ ಕಚ್ಚಿದಳು.

ಓದುವ ನಿಮಗೆ ವಿಷಯ ಆಗಲೇ ಹೊಳೆದಿರುತ್ತದೆ. ಆದರೆ ಕತ್ತು ನಿಮ್ಮದಲ್ಲ. ಹೆದರಿದವನ ಮೇಲೆ ಹಗ್ಗ ಎಸೆದರೂ ಹಾವೇ. ಕರಡಪ್ಪ ಬೀದಿಯ ಕ್ಷೌರದಂಗಡಿಗೆ ನುಗ್ಗಿ, ಹಿಂದೊಂದು ಮುಂದೊಂದು ಕನ್ನಡಿ ಹಿಡಿಸಿ ನೋಡಿಕೊಂಡ. ಇತ್ತು. ನಡುವೆ ಕೆಂಪಗೆ ಗೀರಿ, ಎರಡು ಹಲ್ಲು ಊರಿದಂತೆ ಇತ್ತು. ಕ್ಷೌರಿಕ ಸಾಬೂನು ಹಚ್ಚಿ ಮೂರು ಸಲ ತೊಳೆದ. ಕಲೆ ಮಾಸಲಿಲ್ಲ, ಬದಲಿಗೆ ಹೊಳೆಯತೊಡಗಿತು. ಅವನು ಕೂಲಿ ಬೇಡವೆಂದು, ಕರಡಪ್ಪನ ಎದುರಿಗೇ ಬ್ರಷ್ಷನ್ನು ಕಸದ ಬುಟ್ಟಿಗೆ ಹಾಕಿದ.

ಮೂರನೆಯ ಪಂಡಿತರ ಮನೆ ಬೀದಿಯ ಕೊನೆಯಲ್ಲಿತ್ತು. ನಡುಹಗಲಿನಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು. ಕರಡಪ್ಪ ಬಾಗಿಲು ತಟ್ಟಲು ಕೈ ಎತ್ತುವಷ್ಟರಲ್ಲಿ ಅದೇ ತೆರೆಯಿತು. ಇಬ್ಬರು ಹೆಂಗಸರು ನಿಂತಿದ್ದರು. ಒಂದೇ ಎತ್ತರ, ಒಂದೇ ಬೂದು ಬಣ್ಣದ ಉಡುಪು, ವಯಸ್ಸು ನಲವತ್ತೂ ಇರಬಹುದು, ಎಪ್ಪತ್ತೂ ಇರಬಹುದು. ಇಬ್ಬರೂ ಬಲಗೈ ಚಾಚಿದರು.

"ಕೊಡಿ," ಎಂದಳು ಒಬ್ಬಳು.

"ಕೊಡಿ," ಎಂದಳು ಇನ್ನೊಬ್ಬಳು.

ಕರಡಪ್ಪ ಕೊಡೆ ಕೊಟ್ಟ. ಕೈಗಳು ಹಾಗೇ ಇದ್ದವು. ಚೀಲ ಕೊಟ್ಟ. ಕೋಟು ಕೊಟ್ಟ. ಕೈಗಡಿಯಾರವನ್ನೂ ಬಿಚ್ಚಿಕೊಟ್ಟ ಮೇಲೆ, ನಾನು ಸಹಿಗಾಗಿ ಬಂದವನು, ನಿಮ್ಮ ತಂದೆಯವರನ್ನು ನೋಡಬೇಕು ಎಂದು ಗೋಗರೆದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳಗೆ ಕರೆದೊಯ್ದರು. ಗೋಡೆಯುದ್ದಕ್ಕೂ ಪುಸ್ತಕ, ನೆಲದ ಮೇಲೆ ಪುಸ್ತಕ, ನಡುವೆ ಒಬ್ಬರು ನಡೆಯುವಷ್ಟು ದಾರಿ. ಕರಡಪ್ಪನ ಹೆಜ್ಜೆಗೆ ಹಲಗೆ ಕಿರುಗುಟ್ಟಿತು. ಅವರಿಬ್ಬರ ಹೆಜ್ಜೆಗೆ ಕಿರುಗುಟ್ಟಲಿಲ್ಲ.

ಪಂಡಿತರು ದೀಪವೊಂದರ ಹಿಂದೆ, ಕಂಬಳಿಯೊಳಗೆ ಕೂತಿದ್ದರು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತೆಳ್ಳಗಾಗಿದ್ದರು. ಮೇಜಿನ ಮೇಲೆ ಗಾಜಿನ ಭರಣಿ, ಅದರ ನೀರಿನಲ್ಲಿ ಕಪ್ಪಗಿನದೊಂದು ಉದ್ದವಾಗುತ್ತಿತ್ತು, ಗಿಡ್ಡವಾಗುತ್ತಿತ್ತು.

"ಎರಡು ವರ್ಷದಿಂದ ಇದನ್ನೇ ನೋಡ್ತಾ ಇದ್ದೀನಿ," ಎಂದರು ಪಂಡಿತರು. "ಇದಕ್ಕೆ ಹಿಂದೊಂದು ಬಾಯಿ, ಮುಂದೊಂದು ಬಾಯಿ. ಆ ಎರಡು ಬಾಯಿನೇ ಇಬ್ಬರು ಹೆಣ್ಣುಮಕ್ಕಳು ಅಂತ ಹೇಳೋರಿದ್ದಾರೆ. ಆದರೆ ಇದು ಈವರೆಗೆ ಒಂದು ಮಾತೂ ಆಡಿಲ್ಲ."

ಕರಡಪ್ಪ ಕರಡನ್ನು ಮುಂದೆ ಹಿಡಿದ. ಪಂಡಿತರು ಕುರ್ಚಿಸಮೇತ ಹಿಂದೆ ಸರಿದರು. ಅವನು ಕೈ ಮುಗಿದು ಕುರ್ಚಿಯ ಕತೆ ಹೇಳಿದ, ನಾಳೆಯಿಂದ ಬರಬೇಡ ಎಂದದ್ದನ್ನು ಹೇಳಿದ, ನಾದಿನಿಯರ ಕಾಗದವನ್ನೂ ಬಿಡಲಿಲ್ಲ. ಪಂಡಿತರು ತಲೆಯಾಡಿಸುತ್ತಲೇ ಇದ್ದರು. ಕೊನೆಗೆ ಅವನು ಸೋತು, ಬಂದ ದಾರಿಗೆ ಸುಂಕವಿಲ್ಲವೆಂದು ಬೆನ್ನು ತಿರುಗಿಸಿದ.

"ನಿಲ್ಲಿ," ಎಂದರು ಪಂಡಿತರು. ಕಂಬಳಿ ಕೊಡವಿ ಎದ್ದು, ಭೂತಗನ್ನಡಿ ಹಿಡಿದು ಅವನ ಕತ್ತಿನವರೆಗೂ ಬಂದರು. ಬಹಳ ಹೊತ್ತು ನೋಡಿದರು. ಹೆಂಗಸರೂ ಎಡಕ್ಕೊಬ್ಬಳು ಬಲಕ್ಕೊಬ್ಬಳು ನಿಂತು ನೋಡಿದರು. ಅವರ ಉಸಿರು ಕತ್ತಿಗೆ ತಣ್ಣಗೆ ತಾಗಿತು.

ಪಂಡಿತರ ದನಿಯಲ್ಲಿ ಒಮ್ಮೆಗೇ ಹುರುಪು ಬಂತು. ಮೊದಲಿಬ್ಬರಿಗೂ ಇದೇ ಗುರುತು ಇತ್ತು ಎಂದರು. ಸಮಿತಿಯ ನಿಯಮದ ಪ್ರಕಾರ ಉಳಿದ ಕೊನೆಯ ಸದಸ್ಯ ತನ್ನ ಜಾಗಕ್ಕೆ ಒಬ್ಬರನ್ನು ನೇಮಿಸಿ ನಿವೃತ್ತನಾಗಬಹುದು ಎಂದರು. ಎರಡು ವರ್ಷದಿಂದ ಯಾರನ್ನು ಬಲಿಕೊಡಲಿ ಎಂದು ಮನಸ್ಸಾಕ್ಷಿ ಚುಚ್ಚುತ್ತಿತ್ತಂತೆ. ಈಗ ಆ ತೊಂದರೆಯೇ ಇಲ್ಲವಂತೆ.

"ನಿಮಗೆ ಹೇಗೂ ಕಚ್ಚಿಯಾಗಿದೆಯಲ್ಲ," ಎಂದರು ಸಮಾಧಾನ ಹೇಳುವವರಂತೆ.

ಕರಡಪ್ಪನಿಗೆ ಅತ್ತ ದರಿ ಇತ್ತ ಪುಲಿ. ಸಹಿ ಹಾಕದಿದ್ದರೂ ಕತ್ತಿನ ಕಲೆ ಕತ್ತಿನಲ್ಲೇ ಇರುತ್ತದೆ, ಜೊತೆಗೆ ನೌಕರಿ ಹೋಗುತ್ತದೆ. ಹಾಕಿದರೆ ಸತ್ತರೂ ಮುಖ್ಯ ಕರಡಿನವನಾಗಿ ಸಾಯಬಹುದು, ಹೆಂಡತಿ ನಾದಿನಿಯರ ಮುಂದೆ ತಲೆತಗ್ಗಿಸಬೇಕಾಗಿಲ್ಲ. ಪಂಡಿತರು ನೇಮಕದ ಪತ್ರ ಬರೆದು ಮಸಿ ಒಣಗಲು ಊದಿಯೂ ಆಗಿತ್ತು. ಹೆಂಗಸರು ಕೈ ಚಾಚಿಕೊಂಡು ನಿಂತೇ ಇದ್ದರು.

ಅವನು ಲೇಖನಿ ಎತ್ತಿದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ತಿದ್ದುವ ಪದವಲ್ಲ, ತನ್ನದೇ ಪದವೊಂದನ್ನು ಬರೆಯುವವನಿದ್ದ. ಹೆದರಿಕೆಯ ನಡುವೆಯೂ ಅವನಿಗೆ ಒಂದು ಗಳಿಗೆ ನಿಜವಾಗಿ ಸಂತೋಷವಾಯಿತು. ಭರಣಿಯನ್ನು ನೋಡಿದ. ಒಳಗಿನದು ಉದ್ದವಾಗಿ ಅವನ ಕಡೆಗೇ ಚಾಚಿತ್ತು. 'ಜಿಗಣೆ' ಎಂದು ಬರೆದು, ಕಾಗುಣಿತ ಇನ್ನೊಮ್ಮೆ ನೋಡಿಕೊಂಡು, ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು ಪೂರ್ತಿ ಸಹಿ ಹಾಕಿದ. ಪ್ರಾಣ ಹೋಗಲಿಲ್ಲ. ಹೆಂಗಸರು ಕೈ ಇಳಿಸಿದರು.

ಐದಕ್ಕೆ ಹತ್ತು ನಿಮಿಷವಿದ್ದಾಗ ಕರಡಪ್ಪ ಕೋಟಿಲ್ಲದೆ, ಕೊಡೆಯಿಲ್ಲದೆ ಏದುಸಿರು ಬಿಡುತ್ತ ಅಚ್ಚುಕೂಟ ಸೇರಿದ. ಮೊಳೆಯಜ್ಜ ಎಣ್ಣೆ ತಂದಿದ್ದ. ಮೊಳೆಯನ್ನು ನೆಟ್ಟಗೆ ಮಾಡಿ, ಹೊಸ ಪದ ಜೋಡಿಸಿ, ಪುಟವನ್ನು ಯಂತ್ರಕ್ಕೆ ಏರಿಸಿ, ಆಮೇಲೆ ಇವನ ಕತ್ತು ನೋಡಿ, ಸೀಮೆಎಣ್ಣೆಯ ಚಿಂದಿಯಿಂದ ಒಂದೇ ಸಲ ಒರೆಸಿದ. ಕಲೆ ಹೋಯಿತು.

"ಬೆಳಿಗ್ಗೆ ಮೊಳೆ ಜೋಡಿಸಿ ಮಸಿ ಹಚ್ಚಿದ ಪುಟವನ್ನ ಮೇಜಿನ ಕಾಲಿಗೆ ಒರಗಿಸಿದ್ದೆ. ಅದಕ್ಕೆ ಕತ್ತು ಕೊಟ್ಟಿದ್ದೀಯ," ಎಂದ. "ಅಚ್ಚಿನ ಮಸಿ ಸಾಬೂನಿಗೆ ಬಗ್ಗತ್ತಾ?"

ಸತ್ತ ಪಂಡಿತರ ಕಲೆಗಳ ಗುಟ್ಟೂ ಅಷ್ಟೇ. ಅಜ್ಜ ಕರಡನ್ನು ಯಾವಾಗಲೂ ಹಸಿಯಾಗಿಯೇ ಕಳಿಸುವುದು, ಮುದುಕರು ಅದರ ಮೇಲೆ ಮುಖವಿಟ್ಟು ನಿದ್ದೆಹೋಗುವುದು. ಕರಡಪ್ಪ ನಕ್ಕ, ಅತ್ತ, ಮತ್ತೆ ನಕ್ಕ. ಬದುಕಿದೆಯಾ ಬಡಜೀವವೇ ಎಂದು ಕಿಟಕಿಯ ಪಕ್ಕದ ಕುರ್ಚಿಯ ಬೆನ್ನು ಸವರಿದ. ಯಂತ್ರ ಧಡಧಡ ಎನ್ನತೊಡಗಿತು.

ಆಗ ಮಾಲೀಕರು ಸಹಿ ಹಾಕಿದ ಕರಡನ್ನು ಹಿಡಿದು ಬಂದರು. ಸಹಿಯನ್ನು ಓದಿದರು, ಪಂಡಿತರ ನೇಮಕದ ಪತ್ರವನ್ನು ಓದಿದರು, ಆಮೇಲೆ ಗೋಡೆಯ ಹಲಗೆಯನ್ನು ಓದಿದರು. ಸಿಟ್ಟಾಗಲಿಲ್ಲ, ನಿಜವಾಗಿಯೂ ಬೇಸರಪಟ್ಟರು. ಸಹಿ ಸಿಂಧುವೇ, ಪುಟ ಅಚ್ಚಾಗಲಿ ಎಂದರು. ಆದರೆ ಒಪ್ಪಿಗೆ ಹಾಕುವವನು ತಿದ್ದತಕ್ಕದ್ದಲ್ಲ. ಸಮಿತಿಯ ಸದಸ್ಯರನ್ನು ನೌಕರಿಯಲ್ಲಿ ಇಟ್ಟುಕೊಂಡರೆ ಹಲಗೆ ಬರೆಸಿದ ಅಜ್ಜನ ಆತ್ಮಕ್ಕೆ ಶಾಂತಿಯಿರುವುದಿಲ್ಲ. ಇಪ್ಪತ್ತಾರು ವರ್ಷ ಆ ಹಲಗೆಯಲ್ಲಿ ತಪ್ಪು ಹುಡುಕಿದವನಿಗೆ ಈಗಲೂ ಒಂದೂ ಸಿಗಲಿಲ್ಲ.

ಹೊರಡುವಾಗ ಅವನು ಕೊನೆಯದಾಗಿ ಒಂದು ಉಪಕಾರ ಕೇಳಿದ. ತನ್ನ ಕೋಟು, ಕೊಡೆ, ಚೀಲ, ಗಡಿಯಾರ ಪಂಡಿತರ ಹೆಣ್ಣುಮಕ್ಕಳ ಹತ್ತಿರ ಉಳಿದಿವೆ, ಯಾರನ್ನಾದರೂ ಕಳಿಸಿ ತರಿಸಿಕೊಡಬೇಕು ಎಂದ.

ಮಾಲೀಕರು ಅವನನ್ನೇ ನೋಡಿದರು. "ಪಂಡಿತರಿಗೆ ಮದುವೆನೇ ಆಗಿಲ್ವಲ್ಲ. ಮೂವರೂ ಬ್ರಹ್ಮಚಾರಿಗಳೇ."

ಮೊಳೆಯಜ್ಜನ ಕೈಯಿಂದ ಸೀಮೆಎಣ್ಣೆಯ ಚಿಂದಿ ಕೆಳಗೆ ಬಿತ್ತು.

ಮನೆಯಲ್ಲಿ ಹೆಂಡತಿ ಏನೆಂದಳು ಎಂಬುದನ್ನು ಹೇಳುವುದು ಬೇಡ. ನಾದಿನಿಯರು ಒಟ್ಟು ಐವರಿದ್ದರು ಎಂದರೆ ಸಾಕು. ಬೆಳಿಗ್ಗೆ ಎಚ್ಚರವಾದಾಗ ಕರಡಪ್ಪ ಮೊದಲು ತನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಂಡ. ಉಸಿರು ಆಡುತ್ತಿತ್ತು. ನೌಕರಿ ಹೋದರೇನು, ಜೀವ ಉಳಿಯಿತು, ಇಂದಿನಿಂದ ಯಾರ ತಪ್ಪೂ ನನ್ನದಲ್ಲ ಎಂದುಕೊಂಡ. ಅಷ್ಟರಲ್ಲಿ ಬಾಗಿಲ ಸದ್ದಾಯಿತು. ಹೆಂಡತಿ ತೆಗೆದಳು.

ಹೊಸಲಿನಾಚೆ ಆ ಇಬ್ಬರು ನಿಂತಿದ್ದರು, ಅದೇ ಬೂದು ಉಡುಪಿನಲ್ಲಿ, ಒಬ್ಬೊಬ್ಬರ ಪಕ್ಕದಲ್ಲಿ ಒಂದೊಂದು ಪೆಟ್ಟಿಗೆ. ಒಬ್ಬಳ ತೋಳಿನ ಮೇಲೆ ಕರಡಪ್ಪನ ಕೋಟಿತ್ತು. ಇನ್ನೊಬ್ಬಳ ಕಂಕುಳಲ್ಲಿ ಮೂರು ಕೊಡೆಗಳಿದ್ದವು.

ಪಂಡಿತರು ಬೆಳಗಿನ ಜಾವವೇ ಊರು ಬಿಟ್ಟರು, ವಿಳಾಸ ಕೊಟ್ಟಿಲ್ಲ ಎಂದಳು ಒಬ್ಬಳು. ಎರಡು ವರ್ಷದಲ್ಲಿ ಮೊದಲ ಸಲ ನಗುತ್ತಿದ್ದರು ಎಂದಳು ಇನ್ನೊಬ್ಬಳು.

"ಮೊದಲನೆಯವರ ಮನೇಲಿ ಆರು ವರ್ಷ ಇದ್ವಿ. ಎರಡನೆಯವರ ಮನೇಲಿ ಮೂರು. ಇವರಲ್ಲಿ ಎರಡು. ಆ ಪದ ಯಾರ ಕೈಯಲ್ಲೋ ನಾವು ಅವರ ಮನೇಲಿ," ಎಂದಳು ಮೊದಲು ಮಾತಾಡಿದವಳು.

ಹೆಂಡತಿ ಯಾರ್ರೀ ಇವರು ಎಂದು ಕೇಳಿದಳು. ಇಬ್ಬರೂ ಹೊಸಲು ದಾಟಿ ಬಲಗೈ ಚಾಚಿದರು.

"ಕೊಡಿ," ಎಂದಳು ಒಬ್ಬಳು. ಹೆಂಡತಿ ಏನೂ ತೋಚದೆ ಸೊಂಟದ ಬೀಗದ ಕೈ ಗೊಂಚಲನ್ನು ಅವಳ ಅಂಗೈಗೆ ಹಾಕಿದಳು.

"ಕೊಡಿ," ಎಂದಳು ಇನ್ನೊಬ್ಬಳು, ಕರಡಪ್ಪನನ್ನೇ ನೋಡುತ್ತ.

ಆ ಪದದ ಅರ್ಥ ಏನೆಂದು ಕರಡಪ್ಪನಿಗೆ ಆಗ ಖಚಿತವಾಗಿ ಗೊತ್ತಾಯಿತು. ಅದು ಜಿಗಣೆಯಲ್ಲ. ಆದರೆ ಪುಟ ಆಗಲೇ ಅಚ್ಚಾಗಿತ್ತು.